ಬ್ಯಾಕ್ಟೀರಿಯಾ ಕೊಲ್ಲುವ ವೈರಾಣು: ಔಷಧ ಸೋತಲ್ಲಿ ಫೇಜ್

ವಿಜಯಪುರ ಜಿಲ್ಲೆಯ ಇಂಡಿ ಹಾಗೂ ಸಿಂದಗಿ ತಾಲ್ಲೂಕುಗಳು ಲಿಂಬೆಗೆ ಹೆಸರುವಾಸಿ. ಇಂಡಿ ಲಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೇರಿದಂತೆ ಜಿಲ್ಲೆಯ ಇತರೆಡೆ ದಾಳಿಂಬೆ ತೋಟಗಳಿವೆ. ಎರಡೂ ಬೆಳೆಗಳನ್ನು ಕಾಡುವುದು ಜ್ಯಾಂಥೊಮೊನಾಸ್ ಕುಲದ ಬ್ಯಾಕ್ಟೀರಿಯಾ. ಲಿಂಬೆಯಲ್ಲಿ ಅದು ಕಜ್ಜಿ ರೋಗವನ್ನೂ, ದಾಳಿಂಬೆಯಲ್ಲಿ ದುಂಡಾಣು ಅಂಗಮಾರಿಯನ್ನೂ ತರುತ್ತದೆ. 2000ದ ದಶಕದಲ್ಲಿ ಅಂಗಮಾರಿಯ ಹೊಡೆತಕ್ಕೆ ಸಿಕ್ಕಿ ಉತ್ತರ ಕರ್ನಾಟಕದ ಅನೇಕ ಬೆಳೆಗಾರರು ದಾಳಿಂಬೆ ಗಿಡಗಳನ್ನೇ ಕಿತ್ತುಹಾಕಿದರು.

ತೋಟದಲ್ಲಿ ಕ್ಷಯದ ಮದ್ದು

ಈ ರೋಗಗಳಿಗೆ ಬಹುಕಾಲ ಸಿಂಪಡಿಸಲಾದದ್ದು ಸ್ಟ್ರೆಪ್ಟೊಸೈಕ್ಲಿನ್. ಅದರಲ್ಲಿ 9 ಪಾಲು ಸ್ಟ್ರೆಪ್ಟೊಮೈಸಿನ್, 1 ಪಾಲು ಟೆಟ್ರಾಸೈಕ್ಲಿನ್ ಇರುತ್ತದೆ. 1943ರಲ್ಲಿ ಪತ್ತೆಯಾದ ಸ್ಟ್ರೆಪ್ಟೊಮೈಸಿನ್ ಕ್ಷಯರೋಗಕ್ಕೆ ದೊರೆತ ಮೊದಲ ಸಮರ್ಥ ಔಷಧ. ಪದೇ ಪದೇ ಸಿಂಪಡಿಸಿದಾಗ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳಷ್ಟೇ ಉಳಿದು ವೃದ್ಧಿಸುತ್ತವೆ. ಆ ಗುಣದ ವಂಶವಾಹಿಗಳು ಅನ್ಯ ಬ್ಯಾಕ್ಟೀರಿಯಾಗಳಿಗೂ ದಾಟಬಲ್ಲವು. ಆದ್ದರಿಂದಲೇ ಕೇಂದ್ರ ಕೃಷಿ ಸಚಿವಾಲಯವು 2021ರ ಡಿಸೆಂಬರ್‌ನಲ್ಲಿ ಹೊರಡಿಸಿದ ಕರಡು ಆದೇಶದಲ್ಲಿ, 2024ರ ಜನವರಿ 1ರಿಂದ ಕೃಷಿಯಲ್ಲಿ ಇವುಗಳ ಬಳಕೆಯನ್ನು ನಿಷೇಧಿಸುವ ಪ್ರಸ್ತಾವವಿತ್ತು.

ಫೇಜ್ ಎಂದರೇನು?

ಬ್ಯಾಕ್ಟೀರಿಯಾಗಳಿಗಷ್ಟೇ ಸೋಂಕು ತಗುಲಿಸುವ ವೈರಾಣುವೇ ಬ್ಯಾಕ್ಟೀರಿಯೊಫೇಜ್, ಸಂಕ್ಷೇಪವಾಗಿ ಫೇಜ್. ಗಂಗಾ, ಯಮುನಾ ನದಿಗಳ ನೀರಿನಲ್ಲಿ ಕಾಲರಾ ಬ್ಯಾಕ್ಟೀರಿಯಾ ಸಾಯುವುದನ್ನು ಅರ್ನೆಸ್ಟ್ ಹ್ಯಾಂಕಿನ್ 1896ರಲ್ಲಿಯೇ ವರದಿ ಮಾಡಿದ್ದರು. ಫೆಲಿಕ್ಸ್ ಡಿ'ಹೆರೆಲ್ 1917ರಲ್ಲಿ ಈ ವೈರಾಣುವಿಗೆ ಹೆಸರಿಟ್ಟರು. ಫೇಜ್ ತನ್ನ ಬಾಲದಿಂದ ಬ್ಯಾಕ್ಟೀರಿಯಾಗೆ ಅಂಟಿ, ತನ್ನ ಡಿಎನ್‌ಎಯನ್ನು ಒಳಕ್ಕೆ ಇಳಿಸುತ್ತದೆ. ಒಳಗೆ ಮರಿ ಫೇಜ್‌ಗಳು ತುಂಬಿಕೊಂಡ ಬಳಿಕ ಎಂಡೊಲೈಸಿನ್ ಎಂಬ ಕಿಣ್ವವು ಕೋಶಭಿತ್ತಿಯನ್ನು ಒಡೆಯುತ್ತದೆ. ಒಂದು ಫೇಜ್ ಸಾಮಾನ್ಯವಾಗಿ ಕೆಲವೇ ತಳಿಗಳ ಮೇಲೆ ಎರಗುವುದರಿಂದ ಉಪಕಾರಿ ಬ್ಯಾಕ್ಟೀರಿಯಾಗಳು ಉಳಿಯುತ್ತವೆ.

ತಿದ್ದುವ ಅಗತ್ಯ

ಎಲ್ಲ ಫೇಜ್‌ಗಳೂ ಕೊಲ್ಲುವುದಿಲ್ಲ. ಕೆಲವು ಬ್ಯಾಕ್ಟೀರಿಯಾದ ಡಿಎನ್‌ಎಯೊಳಗೆ ಸೇರಿ ಸುಮ್ಮನಿರುತ್ತವೆ. ಅವನ್ನು ಹಾಗೆ ತಡೆದಿಡುವ ವಂಶವಾಹಿಯನ್ನು ತೆಗೆದರೆ ಅವೂ ಮಾರಕವಾಗುತ್ತವೆ. ಶ್ವಾಸಕೋಶ ಕಸಿಯ ನಂತರ ಔಷಧಕ್ಕೆ ಬಗ್ಗದ ಸೋಂಕಿಗೆ ತುತ್ತಾದ ಬ್ರಿಟನ್ನಿನ 15 ವರ್ಷದ ಬಾಲಕಿಗೆ 3 ಫೇಜ್‌ಗಳ ಮಿಶ್ರಣ ನೀಡಲಾಯಿತು. ಅವುಗಳಲ್ಲಿ 2 ಹೀಗೆ ತಿದ್ದಿದವು. ಆಕೆಯ ಸ್ಥಿತಿ ಗಣನೀಯವಾಗಿ ಸುಧಾರಿಸಿದ್ದನ್ನು 2019ರಲ್ಲಿ ವರದಿ ಮಾಡಲಾಯಿತು.

ಬೆಂಗಳೂರಿನ ಕೊಡುಗೆ

ವಿಜ್ಞಾನಿ ಜೆ. ರಾಮಚಂದ್ರನ್ ಅವರು 2000ದಲ್ಲಿ ಸ್ಥಾಪಿಸಿದ ಗಂಗಾಜೆನ್ ಸಂಸ್ಥೆಯು ಬೇರೊಂದು ದಾರಿ ಹಿಡಿಯಿತು. ಬ್ಯಾಕ್ಟೀರಿಯಾ ಒಡೆದಾಗ ಅದರೊಳಗಿನ ವಿಷಕಾರಿ ಅಂಶಗಳು ರೋಗಿಯ ದೇಹಕ್ಕೆ ಹರಡುವ ಅಪಾಯವಿದೆ. ಅದನ್ನು ತಪ್ಪಿಸಲು ಸಂಶೋಧಕರು ಎಂಡೊಲೈಸಿನ್ ವಂಶವಾಹಿಯನ್ನು ನಿಷ್ಕ್ರಿಯಗೊಳಿಸಿದರು. ಈ ಫೇಜ್ ಸ್ಟ್ಯಾಫಿಲೊಕಾಕಸ್ ಆರಿಯಸ್ ಬ್ಯಾಕ್ಟೀರಿಯಾವನ್ನು ಒಡೆಯದೆಯೇ ಕೊಲ್ಲುತ್ತದೆ. ಮೆಥಿಸಿಲಿನ್‌ಗೆ ಬಗ್ಗದ ತಳಿಯ ಸೋಂಕಿನಿಂದ ಅದು ಇಲಿಗಳನ್ನು ರಕ್ಷಿಸಿದ್ದು 2011ರಲ್ಲಿ ಪ್ರಕಟವಾಯಿತು. ಫೇಜ್ ಬಾಲದ ಕಿಣ್ವವನ್ನು ಆಧರಿಸಿದ ಪಿ128 ಎಂಬ ಪ್ರೋಟೀನನ್ನೂ ಇದೇ ಸಂಸ್ಥೆ ರೂಪಿಸಿದೆ.

ತೋಟಕ್ಕೆ ಬಂದೀತೆ?

ಟೊಮೆಟೊ ಹಾಗೂ ಮೆಣಸಿನಕಾಯಿಯ ಬ್ಯಾಕ್ಟೀರಿಯಾ ಚುಕ್ಕೆ ರೋಗಕ್ಕೆ ಅಗ್ರಿಫೇಜ್ ಎಂಬ ಸಿಂಪಡಣೆಯು ಅಮೆರಿಕದಲ್ಲಿ 2005ರಲ್ಲಿ ನೋಂದಣಿಯಾಯಿತು. ಅದರಲ್ಲಿರುವುದು ತಿದ್ದದ, ನೈಸರ್ಗಿಕ ಫೇಜ್. ತಿದ್ದಿದ ಜೀವಿಗಳನ್ನು ಭಾರತದಲ್ಲಿ ಹೊಲಕ್ಕೆ ಬಿಡಲು 1989ರ ನಿಯಮಗಳಡಿ ಕೇಂದ್ರದ ಜಿಇಎಸಿ ಸಮಿತಿಯ ಅನುಮತಿ ಬೇಕು. ಎಲೆಯ ಮೇಲಿನ ಫೇಜ್‌ಗಳನ್ನು ಬಿಸಿಲಿನ ಅತಿನೇರಳೆ ಕಿರಣಗಳು ಬೇಗನೆ ನಾಶಪಡಿಸುವುದರಿಂದ ಸಂಜೆ ಸಿಂಪಡಿಸುವುದು ವಾಡಿಕೆ. ವಿಜಯಪುರದಂತಹ ಬಿಸಿಲ ಸೀಮೆಗೆ ಇದು ಮುಖ್ಯ ತೊಡಕು. ಬ್ಯಾಕ್ಟೀರಿಯಾ ಫೇಜ್‌ಗೂ ನಿರೋಧ ಬೆಳೆಸಿಕೊಳ್ಳುವುದರಿಂದ ಹಲವು ಫೇಜ್‌ಗಳನ್ನು ಬೆರೆಸಬೇಕಾಗುತ್ತದೆ.

ರೋಗಪೀಡಿತ ರೆಂಬೆಗಳನ್ನು ಕತ್ತರಿಸಿ ಸುಡುವುದು, ಕತ್ತರಿಯನ್ನು ಗಿಡದಿಂದ ಗಿಡಕ್ಕೆ ಶುಚಿಗೊಳಿಸುವುದು, ಬೋರ್ಡೊ ದ್ರಾವಣ ಸಿಂಪಡಿಸುವುದು, ಮಳೆಗಾಲದ ಬೆಳೆ ಬಿಟ್ಟು ಹಸ್ತ ಬಹಾರ್ ಹಿಡಿಯುವುದು ದಾಳಿಂಬೆ ಬೆಳೆಗಾರರಿಗೆ ತಜ್ಞರು ಸೂಚಿಸುವ ಕ್ರಮಗಳು. ಇವುಗಳಲ್ಲಿ ಯಾವುದಕ್ಕೂ ಕ್ಷಯರೋಗಿಯ ಔಷಧ ಬೇಕಿಲ್ಲ.