ಪಟಾಲಮಿಗೆ ಹೋಗಿ ಮರಳಿ ಬಾರದವರು
(ಸಕಲ ಮೃತರ ಸ್ಮರಣೆಯ ಸಂದರ್ಭದಲ್ಲಿ ಒಂದು ಇತಿಹಾಸ ಚಿಂತನೆ)

ನವೆಂಬರ್ 2ರಂದು ನಮ್ಮ ಗುರುಗಳು ಮೂರು ಬಲಿಪೂಜೆಗಳನ್ನು ಅರ್ಪಿಸಬಹುದೆಂಬುದು ನಮಗೆಲ್ಲ ತಿಳಿದದ್ದೇ. ಆದರೆ ಈ ಪದ್ಧತಿ ಎಲ್ಲಿಂದ ಬಂತು ಎಂಬುದನ್ನು ನಾವು ಅಷ್ಟಾಗಿ ಯೋಚಿಸುವುದಿಲ್ಲ. 1748ರಿಂದ ಸ್ಪೇನ್ ಮತ್ತು ಪೋರ್ಚುಗಲ್ ರಾಜ್ಯಗಳ ಗುರುಗಳಿಗಷ್ಟೇ ಈ ವಿಶೇಷ ಅನುಮತಿ ಇತ್ತು. ಅದನ್ನು ಜಗತ್ತಿನ ಎಲ್ಲ ಗುರುಗಳಿಗೂ ವಿಸ್ತರಿಸಿದವರು ಪೋಪ್ 15ನೇ ಬೆನೆಡಿಕ್ಟರು. ವರ್ಷ 1915. ಮೊದಲನೆಯ ಮಹಾಯುದ್ಧ ಆರಂಭವಾಗಿ ಒಂದು ವರ್ಷವಾಗಿತ್ತು. ಯುದ್ಧಭೂಮಿಯಲ್ಲಿ ಸತ್ತ ಅಸಂಖ್ಯ ಯುವಕರಿಗಾಗಿ ಪ್ರಾರ್ಥಿಸುವವರು ಸಾಲದಾಗಿದ್ದಾರೆ ಎಂಬ ತಂದೆಯ ಸಂಕಟದಿಂದ ಹೊರಟ ಆಜ್ಞೆ ಅದು. ಹೀಗಾಗಿ ನಾವು ಇಂದಿಗೂ ಆಚರಿಸುವ ಈ ದಿನದ ಹಿಂದೆ ಸೈನಿಕರ ನೆನಪಿದೆ.

ಪವಿತ್ರ ಗ್ರಂಥದಲ್ಲಿಯೂ ಹಾಗೆಯೇ. ಮೃತರಿಗಾಗಿ ಪ್ರಾರ್ಥಿಸುವುದನ್ನು ಸ್ಪಷ್ಟವಾಗಿ ಹೇಳುವ ಭಾಗ ಮಕ್ಕಬಿಯರ ಎರಡನೆಯ ಗ್ರಂಥದ 12ನೇ ಅಧ್ಯಾಯ. ಅಲ್ಲಿ ಯೂದ ಮಕ್ಕಬಿಯನು ಯುದ್ಧದಲ್ಲಿ ಬಿದ್ದ ತನ್ನ ಸೈನಿಕರ ಹೆಣಗಳನ್ನು ಹುಡುಕಿ, ಅವರವರ ಪೂರ್ವಜರ ಗೋರಿಗಳಲ್ಲಿ ಹೂಳಿಸಲು ಹೋಗುತ್ತಾನೆ. ಆಗ ಸತ್ತವರ ಅಂಗಿಯ ಒಳಗೆ ವಿಗ್ರಹಗಳ ತಾಯಿತಗಳು ಸಿಗುತ್ತವೆ. ಯೂದನು ಅವರನ್ನು ತಿರಸ್ಕರಿಸಿ ಹೊರಟುಹೋಗಲಿಲ್ಲ. ಎರಡು ಸಾವಿರ ಬೆಳ್ಳಿ ನಾಣ್ಯಗಳನ್ನು ಸಂಗ್ರಹಿಸಿ, ಅವರ ಪಾಪಪರಿಹಾರಕ್ಕಾಗಿ ಬಲಿ ಅರ್ಪಿಸಲು ಜೆರುಸಲೇಮಿಗೆ ಕಳುಹಿಸಿದನು. ಮೊದಲು ಹುಡುಕುವುದು, ಕಂಡದ್ದನ್ನು ಮುಚ್ಚಿಡದಿರುವುದು, ಆಮೇಲೆ ಪ್ರಾರ್ಥಿಸುವುದು: ಈ ಮೂರು ಹೆಜ್ಜೆಗಳನ್ನು ಗಮನಿಸೋಣ. ಯುದ್ಧಕ್ಕೆ ಹೋದ ನಮ್ಮ ಹಿರಿಯರ ವಿಷಯದಲ್ಲಿಯೂ ನಾವು ಮಾಡಬೇಕಾದದ್ದು ಇದನ್ನೇ.

ಎರಡನೆಯ ಮಹಾಯುದ್ಧದಲ್ಲಿ ಭಾರತೀಯ ಸೇನೆಗೆ ಸುಮಾರು 25 ಲಕ್ಷ ಜನ ಸೇರಿದ್ದರು. ಅವರಲ್ಲಿ ಸುಮಾರು 87,000 ಮಂದಿ ಪ್ರಾಣ ಕಳೆದುಕೊಂಡರು. ಒತ್ತಾಯದ ಕಾನೂನಿರಲಿಲ್ಲ, ಎಲ್ಲರೂ ತಾವಾಗಿ ಸೇರಿದವರು. ತಾವಾಗಿ ಎಂದರೂ ಹೊಟ್ಟೆಯ ಮಾತು ಇದ್ದೇ ಇರುತ್ತದೆ. ಯುದ್ಧ ಶುರುವಾದೊಡನೆ ನಮ್ಮ ಗುಡ್ಡಗಳ ಕಾಫಿಗೆ ಯೂರೋಪಿನ ಪೇಟೆ ಮುಚ್ಚಿಹೋಯಿತು. ಬೆಳೆಗಾರರನ್ನು ಉಳಿಸಲು ಸರ್ಕಾರ 1940ರಲ್ಲಿ ಸುಗ್ರೀವಾಜ್ಞೆ ತಂದು, 1942ರಲ್ಲಿ ಕಾಫಿ ಕಾಯ್ದೆಯನ್ನೇ ಮಾಡಬೇಕಾಯಿತು. ತೋಟದ ಯಜಮಾನರಿಗೇ ಅಂಥ ಕಷ್ಟವಿದ್ದಾಗ ಲೈನ್ ಮನೆಗಳಲ್ಲಿದ್ದವರ ಪಾಡು ಹೇಳಬೇಕೆ? ಘಟ್ಟದ ಕೆಳಗಿನಿಂದ ಬಂದು ಮೂಡಿಗೆರೆ, ಕಳಸದ ಕಡೆ ನೆಲೆಸಿದ್ದ ನಮ್ಮ ಕುಟುಂಬಗಳಿಗೆ ಪಟಾಲಮಿನ ಸಂಬಳವೆಂದರೆ ತಿಂಗಳು ತಿಂಗಳು ಬರುವ ಮನಿಯಾರ್ಡರು. ಓದು ಬಲ್ಲವರು ಗುಮಾಸ್ತರಾದರು. ಲಾರಿ ಓಡಿಸಲು ಕಲಿತವರು ಸರಬರಾಜು ದಳಕ್ಕೂ, ಕಲ್ಲು ಮರದ ಕೆಲಸ ಬಲ್ಲವರು ಸ್ಯಾಪರ್ಸ್ ದಳಕ್ಕೂ ಸೇರಬಹುದಾಗಿತ್ತು. ಆಸ್ಪತ್ರೆಯ ಕೆಲಸ, ಅಡುಗೆ ಕೆಲಸಗಳಿಗೂ ಸೇನೆಯಲ್ಲಿ ಜನ ಬೇಕಿತ್ತು.

ನಮ್ಮ ಅಜ್ಜನ ತಮ್ಮನೊಬ್ಬರು ಹೀಗೆ 1941ರಲ್ಲಿ ಲಾರಿ ಡ್ರೈವರಾಗಿ ಸೇನೆ ಸೇರಿದರು. ಮಲಯಾ ದೇಶಕ್ಕೆ ಹೋದರೆಂದು ಒಂದು ಕಾಗದ ಬಂತು. ಆಮೇಲೆ ಬರಲಿಲ್ಲ. 1942ರ ಫೆಬ್ರವರಿ 15ರಂದು ಸಿಂಗಾಪುರ ಜಪಾನೀಯರಿಗೆ ಶರಣಾಯಿತು. ಸುಮಾರು 40,000 ಭಾರತೀಯ ಸೈನಿಕರು ಸೆರೆಯಾದರು. ಅವರಲ್ಲಿ ಈ ಚಿಕ್ಕಜ್ಜನಿದ್ದಾರೋ ಇಲ್ಲವೋ ಎಂಬುದು ಮನೆಯವರಿಗೆ ಗೊತ್ತಾಗಲಿಲ್ಲ. ಅವರ ತಾಯಿ ತಮ್ಮ ಕೊನೆಯ ದಿನದವರೆಗೂ ಮಗನ ಆತ್ಮಕ್ಕಾಗಿ ಪೂಜೆ ಹೇಳಿಸಲು ಒಪ್ಪಲಿಲ್ಲ. ಕಳೆದುಹೋದದ್ದನ್ನು ಹುಡುಕಿಕೊಡುವ ಸಂತ ಅಂತೋಣಿಯವರಿಗೆ ಪ್ರತಿ ಮಂಗಳವಾರ ಮೇಣದಬತ್ತಿ ಹಚ್ಚಿದರು. ಆತ್ಮಕ್ಕಾಗಿ ಪೂಜೆ ಹೇಳಿಸಿದರೆ ಮಗ ಸತ್ತನೆಂದು ತಾನೇ ಸಹಿ ಹಾಕಿದ ಹಾಗೆ ಎಂಬುದು ಆ ತಾಯಿಯ ಮಾತಾಗಿತ್ತು. ಇಂಥ ತಾಯಂದಿರು ಒಬ್ಬರೇ ಇರಲಿಲ್ಲ. ಸತ್ತವರ ಪಟ್ಟಿಯಲ್ಲಿಯೂ ಇಲ್ಲದೆ, ಬದುಕಿರುವವರ ಪಟ್ಟಿಯಲ್ಲಿಯೂ ಇಲ್ಲದೆ ಉಳಿದ ಹೆಸರುಗಳು ಇನ್ನೂ ಹಲವು ಮನೆಗಳಲ್ಲಿವೆ. ಆದ್ದರಿಂದ ಹುಡುಕುವ ದಾರಿಯನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳುವುದು ಉಪಯೋಗವಾದೀತು.

ಮೊದಲು ಮನೆಯ ಟ್ರಂಕನ್ನು ನೋಡಬೇಕು. ಪದಕಗಳಿದ್ದರೆ ಪಾಲಿಶ್ ಮಾಡುವ ಮುಂಚೆ ಅಂಚನ್ನೂ ಹಿಂಬದಿಯನ್ನೂ ಓದಬೇಕು. ಭಾರತೀಯ ಸೈನಿಕರಿಗೆ ಕೊಟ್ಟ ಅನೇಕ ಪದಕಗಳ ಮೇಲೆ ಸೇವಾ ಸಂಖ್ಯೆ, ಹೆಸರು, ದಳ ಕೊರೆದಿರುತ್ತದೆ. ಪದಕದ ಜಾತಿಯೂ ಮಾತನಾಡುತ್ತದೆ. ಬರ್ಮಾ ಸ್ಟಾರ್ ಇದ್ದರೆ ಬರ್ಮಾ ರಂಗ. ಆಫ್ರಿಕಾ ಸ್ಟಾರ್ ಇದ್ದರೆ ಉತ್ತರ ಆಫ್ರಿಕಾ ಮೊದಲಾದ ರಂಗಗಳು. 1941ರ ಡಿಸೆಂಬರಿನಿಂದ ಸಿಂಗಾಪುರ ಬೀಳುವವರೆಗೆ ಮಲಯಾದಲ್ಲಿದ್ದವರಿಗೆ ಪೆಸಿಫಿಕ್ ಸ್ಟಾರ್. ಹಳೆಯ ಕಾಗದಗಳಿದ್ದರೆ ಅದರ ಮೇಲಿನ ಫೀಲ್ಡ್ ಪೋಸ್ಟ್ ಆಫೀಸಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಸೈನಿಕನು ತಾನಿರುವ ಊರನ್ನು ಬರೆಯುವಂತಿರಲಿಲ್ಲ, ಆದರೆ ಆ ಸಂಖ್ಯೆಯಿಂದ ಸ್ಥಳವನ್ನು ಊಹಿಸಬಹುದು.

ಎರಡನೆಯದು ನಮ್ಮ ಧರ್ಮಕೇಂದ್ರದ ದಾಖಲೆ. ಮನೆಯಲ್ಲಿ ಜೂಜೆ ಎಂದು ಕರೆದವರು ಸೇನೆಯಲ್ಲಿ ಜೋಸೆಫ್. ಲತೀನಿನಲ್ಲಿ ಬರೆದ ಜ್ಞಾನಸ್ನಾನದ ಪುಸ್ತಕದಲ್ಲಿ ಅವರೇ ಯೊಸೆಫುಸ್. ಮೂರೂ ಒಂದೇ ವ್ಯಕ್ತಿ ಎಂದು ಹೇಳಬಲ್ಲದ್ದು ತಂದೆತಾಯಿಯ ಹೆಸರಿರುವ ಆ ಪುಸ್ತಕ ಮಾತ್ರ. ಅದರ ಅಂಚನ್ನು ಓದುವುದನ್ನೂ ಮರೆಯಬಾರದು. ಒಬ್ಬನು ಬೇರೆ ಊರಲ್ಲಿ ಮದುವೆಯಾದರೆ ಅದನ್ನು ಅವನ ಜ್ಞಾನಸ್ನಾನದ ಧರ್ಮಕೇಂದ್ರಕ್ಕೆ ತಿಳಿಸಿ ಅಂಚಿನಲ್ಲಿ ಬರೆಯಬೇಕೆಂದು 1917ರ ಧರ್ಮಸಭೆಯ ಕಾನೂನು ಸಂಹಿತೆ ವಿಧಿಸಿತ್ತು. ಬೆಂಗಳೂರು ದಂಡಿನಲ್ಲೋ ಪುಣೆಯಲ್ಲೋ ಮದುವೆಯಾದ ಸೈನಿಕನ ಸುಳಿವು ಹೀಗೆ ಊರಿನ ಪುಸ್ತಕದಲ್ಲೇ ಸಿಗಬಹುದು. ಒಂದು ಮಾತು ನೆನಪಿಡಬೇಕು. ನಮ್ಮ ಚಿಕ್ಕಮಗಳೂರು ಧರ್ಮಕ್ಷೇತ್ರ ಸ್ಥಾಪನೆಯಾದದ್ದು 1963ರಲ್ಲಿ. ಯುದ್ಧಕಾಲದಲ್ಲಿ ನಾವು ಮೈಸೂರು ಧರ್ಮಕ್ಷೇತ್ರಕ್ಕೆ ಸೇರಿದ್ದೆವು. ಘಟ್ಟದ ಕೆಳಗೆ ಹುಟ್ಟಿ ಇಲ್ಲಿಗೆ ಬಂದವರ ಜ್ಞಾನಸ್ನಾನವನ್ನು ಮಂಗಳೂರಿನ ಕಡೆಯ ಪುಸ್ತಕಗಳಲ್ಲಿ ಹುಡುಕಬೇಕು.

ಊರಿನ ಹೆಸರಿನಲ್ಲಿಯೂ ಎಚ್ಚರ ಬೇಕು. 1947ರವರೆಗೆ ನಮ್ಮ ಜಿಲ್ಲೆಯ ಹೆಸರು ಕಡೂರು ಜಿಲ್ಲೆ. ಸೇನೆಯ ದಾಖಲೆಯಲ್ಲಿ ಕಳಸದವನನ್ನಾಗಲಿ ಮೂಡಿಗೆರೆಯವನನ್ನಾಗಲಿ ಚಿಕ್ಕಮಗಳೂರು ಜಿಲ್ಲೆ ಎಂದು ಹುಡುಕಿದರೆ ಸಿಗಲಾರದು. ಕಡೂರು ಜಿಲ್ಲೆ, ಮೈಸೂರು ಸಂಸ್ಥಾನ ಎಂದು ನೋಡಬೇಕು. ಹಾಗೆಯೇ ಒಂದೇ ಮನೆತನದ ಹೆಸರು ಡಿಸೋಜ, ಡಿಸೂಜ, ಸೋಜ ಎಂದೆಲ್ಲ ಬರೆಯಲ್ಪಟ್ಟಿರುತ್ತದೆ. ಎಲ್ಲ ರೂಪಗಳಲ್ಲಿಯೂ ತಾಳ್ಮೆಯಿಂದ ಹುಡುಕಬೇಕು.

ಮೂರನೆಯದು ಸರ್ಕಾರಿ ದಾಖಲೆ. ಮೈಸೂರು ಸಂಸ್ಥಾನಕ್ಕೆ ತನ್ನದೇ ಸೈನ್ಯವಿತ್ತು. 1918ರ ಸೆಪ್ಟೆಂಬರ್ 23ರಂದು ಪವಿತ್ರ ನಾಡಿನ ಹೈಫಾ ಪಟ್ಟಣವನ್ನು ಗೆದ್ದವರಲ್ಲಿ ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆಯವರೂ ಇದ್ದರು. ಸಿಂಗಾಪುರ ಬಿದ್ದಾಗ ಮೈಸೂರು ಇನ್‌ಫೆಂಟ್ರಿಯ ಒಂದು ಪಡೆ ಅಲ್ಲಿತ್ತು. ಸಂಸ್ಥಾನದ ಕಡತಗಳನ್ನು ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ನೋಡಬೇಕು. ಬ್ರಿಟಿಷರ ಭಾರತೀಯ ಸೇನೆಗೆ ಸೇರಿದವರಾದರೆ ಆಯಾ ದಳದ ರೆಕಾರ್ಡ್ ಆಫೀಸಿಗೆ ಬರೆಯಬೇಕು. ಮದ್ರಾಸ್ ಸ್ಯಾಪರ್ಸ್ ದಳದ ಕಚೇರಿ ಬೆಂಗಳೂರಿನಲ್ಲೇ ಇದೆ. ಪಿಂಚಣಿ ಇಲ್ಲದೆ ಬಿಡುಗಡೆಯಾದವರ ಕಾಗದಗಳನ್ನು 25 ವರ್ಷಗಳ ಬಳಿಕ ನಾಶಪಡಿಸುವ ನಿಯಮವಿದ್ದರೂ ಹೆಸರಿನ ಲಾಂಗ್ ರೋಲ್ ಪುಸ್ತಕವನ್ನು ಉಳಿಸಿಕೊಳ್ಳುತ್ತಾರೆ. ಸೇವಾ ಸಂಖ್ಯೆ ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ.

ಸತ್ತವರ ವಿಷಯದಲ್ಲಿ ಇನ್ನೊಂದು ಬಾಗಿಲಿದೆ. ಅದು 1917ರಲ್ಲಿ ಸ್ಥಾಪನೆಯಾದ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗ. ಅದರ ಪಟ್ಟಿಯನ್ನು ಇಂದು ಕಂಪ್ಯೂಟರಿನಲ್ಲಿ ಯಾರೂ ಉಚಿತವಾಗಿ ನೋಡಬಹುದು. ಸಮಾಧಿ ಸಿಗದವರ ಹೆಸರುಗಳನ್ನು ದೊಡ್ಡ ಸ್ಮಾರಕಗಳಲ್ಲಿ ಕೆತ್ತಿದ್ದಾರೆ. ಬರ್ಮಾದ ಟೌಕ್ಯಾನಿನಲ್ಲಿರುವ ರಂಗೂನ್ ಸ್ಮಾರಕದಲ್ಲಿ ಸುಮಾರು 27,000, ಸಿಂಗಾಪುರದ ಕ್ರಾಂಜಿ ಸ್ಮಾರಕದಲ್ಲಿ 24,000ಕ್ಕೂ ಹೆಚ್ಚು ಹೆಸರುಗಳಿವೆ. ಸಿಂಗಾಪುರದ ಸೆರೆಯಾಳುಗಳಲ್ಲಿ ಕೆಲವರನ್ನು ಜಪಾನೀಯರು ದುಡಿಸಲು ನ್ಯೂಗಿನಿ ದ್ವೀಪಗಳಿಗೆ ಹಡಗಿನಲ್ಲಿ ಸಾಗಿಸಿದರು. ಹಸಿವು, ಮಲೇರಿಯಾ, ಹೊಡೆತಗಳಿಂದ ಅಲ್ಲಿ ಬಹಳ ಮಂದಿ ಸತ್ತರು. ಲಾಎ ಮತ್ತು ರಬೌಲಿನ ಯುದ್ಧ ಸ್ಮಶಾನಗಳಲ್ಲಿ ಭಾರತೀಯರ ಸಮಾಧಿಗಳಿವೆ.

ನಮ್ಮ ಚಿಕ್ಕಜ್ಜನ ಹೆಸರು ಸಿಕ್ಕಿದ್ದು ಕ್ರಾಂಜಿಯಲ್ಲಿ. ಸಂಖ್ಯೆ, ಸರಬರಾಜು ದಳ, ತಂದೆಯ ಹೆಸರು, ಕಡೂರು ಜಿಲ್ಲೆ, ಎಲ್ಲವೂ ಜ್ಞಾನಸ್ನಾನದ ಪುಸ್ತಕಕ್ಕೆ ತಾಳೆಯಾದವು. ದಿನಾಂಕ 15 ಫೆಬ್ರವರಿ 1942. ಸಿಂಗಾಪುರ ಶರಣಾದ ದಿನವೇ. ಎಂದು ಸತ್ತರೆಂದು ತಿಳಿಯದ ಹಲವರಿಗೆ ಆ ದಿನವನ್ನೇ ಬರೆದಿದ್ದಾರೆ. ಆದರೂ ತಾಯಿಯೊಬ್ಬಳ ಪ್ರಶ್ನೆಗೆ ಎರಡು ತಲೆಮಾರು ಕಳೆದ ಮೇಲೆ ಒಂದು ಉತ್ತರ ದೊರೆಯಿತು. ಆ ವರ್ಷ ನಮ್ಮ ಧರ್ಮಕೇಂದ್ರದಲ್ಲಿ ಅವರ ಆತ್ಮಕ್ಕಾಗಿ ಮೊದಲನೆಯ ಬಾರಿಗೆ ಬಲಿಪೂಜೆ ಅರ್ಪಣೆಯಾಯಿತು. ತಾಯಿಯ ಹೆಸರನ್ನೂ ಜೊತೆಗೇ ಓದಿಸಿದೆವು.

ಹುಡುಕುವವರಿಗೆ ಅಳುಕು ಹುಟ್ಟಿಸುವ ಮಾತೂ ಒಂದುಂಟು. ಸೆರೆಯಾದವರಲ್ಲಿ ಸಾವಿರಾರು ಜನ ಆಜಾದ್ ಹಿಂದ್ ಫೌಜಿಗೆ ಸೇರಿದರು. ಸಾವಿರಾರು ಜನ ತಾವು ಮಾಡಿದ ಪ್ರಮಾಣವನ್ನು ಬಿಡಲಾರೆವೆಂದು ಸೆರೆಯಲ್ಲೇ ಉಳಿದರು. ಯುದ್ಧ ಮುಗಿದ ಮೇಲೆ ಬ್ರಿಟಿಷರು ಅವರನ್ನು ವಿಚಾರಿಸಿ ಬಿಳಿ, ಬೂದು, ಕಪ್ಪು ಎಂದು ಮೂರು ಬಣ್ಣ ಹಚ್ಚಿದರು. ಫೌಜಿನವರೆಂದು ಕೆಲಸ ಕಳೆದುಕೊಂಡು ಊರಿಗೆ ಬಂದವರು ಅದನ್ನು ಹೇಳಿಕೊಳ್ಳಲು ಹೆದರಿದರು. ಕಾಲ ತಿರುಗಿತು. ಸ್ವತಂತ್ರ ಭಾರತ 1972ರಲ್ಲಿ ಆರಂಭಿಸಿದ ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿ ಯೋಜನೆಯಲ್ಲಿ ಫೌಜಿನವರಿಗೂ ಸ್ಥಾನ ದೊರೆಯಿತು. ಆಗ ಬ್ರಿಟಿಷರ ಸೇನೆಯಲ್ಲೇ ಉಳಿದವರ ಮಕ್ಕಳು ತಲೆ ತಗ್ಗಿಸಿದರು. ಒಂದೇ ಡೇರೆಯಲ್ಲಿ ಮಲಗಿದ್ದ ಇಬ್ಬರು ಎರಡು ದಾರಿ ಹಿಡಿದಿರಬಹುದು. ಇಬ್ಬರ ಮುಂದೆಯೂ ಹಸಿವಿತ್ತು, ಬಂದೂಕಿತ್ತು, ಊರಿನ ನೆನಪಿತ್ತು. ಯೂದ ಮಕ್ಕಬಿಯನು ತಾಯಿತ ಕಂಡಾಗಲೂ ಬಲಿ ನಿಲ್ಲಿಸಲಿಲ್ಲ. ದಾಖಲೆಯಲ್ಲಿ ಏನೇ ಸಿಗಲಿ, ತೀರ್ಪು ಕೊಡುವ ಕುರ್ಚಿ ನಮ್ಮದಲ್ಲ, ಪ್ರಾರ್ಥಿಸುವ ಮೊಣಕಾಲು ನಮ್ಮದು.

ಲೋಕದ ಲೆಕ್ಕದಲ್ಲಿ ಹೆಸರು ಕಳೆದುಹೋಗುವುದು ಸುಲಭ. ಮೊದಲನೆಯ ಮಹಾಯುದ್ಧದಲ್ಲಿ ಮೆಸೊಪೊಟೇಮಿಯಾದಲ್ಲಿ ಸತ್ತ ಸಾಮಾನ್ಯ ಭಾರತೀಯ ಸಿಪಾಯಿಗಳ ಹೆಸರನ್ನು ಬಸ್ರಾ ಸ್ಮಾರಕದ ಕಲ್ಲಿನಲ್ಲಿ ಕೆತ್ತಲಿಲ್ಲ. ಅಧಿಕಾರಿಗಳಿಗೆ ಹೆಸರು, ಸಿಪಾಯಿಗಳಿಗೆ ಬರಿಯ ಸಂಖ್ಯೆ. ಈ ಭೇದವನ್ನು ಯುದ್ಧ ಸಮಾಧಿ ಆಯೋಗವೇ 2021ರಲ್ಲಿ ಒಪ್ಪಿಕೊಂಡು ಕ್ಷಮೆ ಕೇಳಿತು. ದೇವರ ಲೆಕ್ಕ ಹಾಗಲ್ಲ. ನಮ್ಮ ಹೆಸರನ್ನು ತಮ್ಮ ಅಂಗೈಯಲ್ಲೇ ಕೆತ್ತಿಕೊಂಡಿರುವುದಾಗಿ ದೇವರು ಪ್ರವಾದಿ ಯೆಶಾಯನ ಬಾಯಿಂದ ಹೇಳಿಸಿದ್ದಾರೆ. ಜ್ಞಾನಸ್ನಾನದ ದಿನ ಧರ್ಮಸಭೆ ನಮ್ಮನ್ನು ಸಂಖ್ಯೆಯಿಂದ ಕರೆಯಲಿಲ್ಲ, ಹೆಸರು ಹಿಡಿದೇ ಕರೆಯಿತು.

ಕ್ರಿಸ್ತರಲ್ಲಿ ಪ್ರಿಯರೇ, ಈ ತಿಂಗಳು ಮೃತರ ಹೆಸರಿನ ಪಟ್ಟಿಯನ್ನು ಗುರುಗಳಿಗೆ ಕೊಡುವ ಮುಂಚೆ ಮನೆಯ ಅತಿ ಹಿರಿಯರ ಬಳಿ ಒಮ್ಮೆ ಕುಳಿತುಕೊಳ್ಳಿ. ಪಟಾಲಮಿಗೆ ಹೋದವರು ಯಾರಾದರೂ ಇದ್ದರೇ ಎಂದು ಕೇಳಿ. ಮನೆಯ ಹೆಸರು, ಪುಸ್ತಕದ ಹೆಸರು, ಹೋದ ವರ್ಷ, ಬಂದ ಕಾಗದ, ಏನು ನೆನಪಿದೆಯೋ ಅದನ್ನು ಬರೆದಿಡಿ. ಕೇಳಬೇಕಾದವರ ವಯಸ್ಸು ತೊಂಬತ್ತು ದಾಟಿದೆ, ಮುಂದಿನ ನವೆಂಬರಿಗೆ ಕಾಯುವುದು ಬೇಡ. ಬರೆದ ಹೆಸರನ್ನು ಬಲಿಪೀಠದ ಬಳಿಗೆ ತನ್ನಿ. ಯಾವ ಕಾಡಿನಲ್ಲಿ, ಯಾವ ದ್ವೀಪದಲ್ಲಿ ಮಲಗಿದ್ದರೂ ಅವರು ನಮ್ಮವರು. ಅವರಿಗೆ ಪ್ರಭು ನಿತ್ಯ ವಿಶ್ರಾಂತಿಯನ್ನು ದಯಪಾಲಿಸಲಿ.