ನಾಲಗೆಯಲ್ಲಿ ಉಳಿದ ಊರು

ಹೊಟ್ಟೆಪಾಡಿಗಾಗಿ ಊರು ಬಿಟ್ಟವರು ಉಡುಪನ್ನು ಬದಲಿಸಬಹುದು, ಊಟವನ್ನೂ ಬದಲಿಸಬಹುದು. ನಾಲಗೆಯನ್ನು ಬದಲಿಸುವುದು ಮಾತ್ರ ಅಷ್ಟು ಸುಲಭವಲ್ಲ. ಪರಸ್ಥಳದಲ್ಲಿ ಬಾಳುವ ನಾವು ಇದನ್ನು ದಿನವೂ ಕಾಣುತ್ತೇವೆ. ಬಾಯಿ ತೆರೆದೊಡನೆಯೇ "ನೀವು ಯಾವ ಕಡೆಯವರು?" ಎಂಬ ಪ್ರಶ್ನೆ ಬರುತ್ತದೆ. ಆದರೂ ನಮ್ಮ ಕಚೇರಿಯ ಕಡತಗಳಿಗೆ ಉಚ್ಚಾರಣೆಯ ಹಂಗಿಲ್ಲ. ಮಾತೇ ಕಸುಬಾಗಿರುವ ನಟಿಯ ಪಾಡೇನು? ಸ್ಪ್ಯಾನಿಷ್ ನುಡಿಯ ನಾಡುಗಳಿಂದ ಹೊರಟು ಅಮೆರಿಕದ ಹಾಲಿವುಡ್ಡಿನಲ್ಲಿ ದುಡಿದ ನಾಲ್ವರು ಹೆಣ್ಣುಮಕ್ಕಳ ಇತಿಹಾಸವನ್ನು ಈ ಪ್ರಶ್ನೆಯೊಂದಿಗೆ ನೋಡೋಣ.

ಮೊದಲನೆಯವಳು ಡೊಲೊರೆಸ್ ಡೆಲ್ ರಿಯೋ. 1904ರಲ್ಲಿ ಮೆಕ್ಸಿಕೋದ ಡುರಾಂಗೋದಲ್ಲಿ ಹುಟ್ಟಿದಳು. ಸಿರಿವಂತ ಮನೆತನ, 1910ರಲ್ಲಿ ಆರಂಭವಾದ ಕ್ರಾಂತಿಯಲ್ಲಿ ಆಸ್ತಿಯನ್ನು ಕಳೆದುಕೊಂಡಿತು. ಎಡ್ವಿನ್ ಕರೂ ಎಂಬ ನಿರ್ದೇಶಕನ ಆಹ್ವಾನದ ಮೇರೆಗೆ 1925ರಲ್ಲಿ ಆಕೆ ಹಾಲಿವುಡ್ಡಿಗೆ ಹೋದಳು. ಅದು ಮೂಕಿ ಚಿತ್ರಗಳ ಕಾಲ. ಪರದೆಯ ಮೇಲೆ ಮಾತಿಲ್ಲದ್ದರಿಂದ ಆಕೆ ಯಾವ ದೇಶದವಳಾದರೂ ಆಗಬಹುದಿತ್ತು. 1926ರಲ್ಲಿ 'ವಾಟ್ ಪ್ರೈಸ್ ಗ್ಲೋರಿ' ಚಿತ್ರದಲ್ಲಿ ಫ್ರೆಂಚ್ ಹುಡುಗಿಯಾದಳು. 1927ರಲ್ಲಿ ಟಾಲ್‌ಸ್ಟಾಯ್ ಕಾದಂಬರಿಯನ್ನು ಆಧರಿಸಿದ 'ರಿಸರಕ್ಷನ್' ಚಿತ್ರದಲ್ಲಿ ರಷ್ಯದ ಕಟ್ಯೂಷಾ ಆದಳು. ನೋಟಕರು ಒಪ್ಪಿದರು. ಮುಖಕ್ಕೆ ದೇಶವಿರಲಿಲ್ಲ.

ಅದೇ 1927ರಲ್ಲಿ 'ದಿ ಜಾಝ್ ಸಿಂಗರ್' ಬಂತು, ಚಿತ್ರಗಳು ಮಾತನಾಡತೊಡಗಿದವು. ಡೆಲ್ ರಿಯೋ ಬಾಯಿ ತೆರೆದಳು, ಮೆಕ್ಸಿಕೋ ಹೊರಬಂತು. ಅಂದಿನಿಂದ ಆಕೆಗೆ ಬಂದ ಪಾತ್ರಗಳಲ್ಲಿ ಹೆಚ್ಚಿನವು ಹೊರಗಿನ ಹೆಣ್ಣಿನವೇ. 1932ರಲ್ಲಿ ಶಾಂತಸಾಗರದ ದ್ವೀಪವೊಂದರ ಕನ್ಯೆ, 1933ರ 'ಫ್ಲೈಯಿಂಗ್ ಡೌನ್ ಟು ರಿಯೋ' ಚಿತ್ರದಲ್ಲಿ ಬ್ರೆಜಿಲ್‌ನ ಚೆಲುವೆ. ಚೆಲುವಿಗೆ ಕುಂದಿರಲಿಲ್ಲ, ಕೀರ್ತಿಗೂ ಇರಲಿಲ್ಲ. ಆದರೆ ಪಾತ್ರಗಳ ಬಾಗಿಲು ವರ್ಷ ವರ್ಷಕ್ಕೆ ಕಿರಿದಾಗುತ್ತ ಹೋಯಿತು.

ವಿಚಿತ್ರವೆಂದರೆ, ಮಾತು ಬಂದ ಆ ಮೊದಲ ವರ್ಷಗಳಲ್ಲಿಯೇ ಸ್ಪ್ಯಾನಿಷ್ ನಾಲಗೆಗೆ ಹಾಲಿವುಡ್ಡಿನಲ್ಲಿ ಬೇಡಿಕೆಯೂ ಹುಟ್ಟಿತ್ತು. ಬೇರೆ ಭಾಷೆಯ ಧ್ವನಿಯನ್ನು ಚಿತ್ರಕ್ಕೆ ಜೋಡಿಸುವ ಡಬ್ಬಿಂಗ್ ವಿದ್ಯೆ ಆಗಿನ್ನೂ ಪಳಗಿರಲಿಲ್ಲ. ಹೊರದೇಶದ ಮಾರುಕಟ್ಟೆಯನ್ನು ಬಿಡಲೊಲ್ಲದ ಕಂಪನಿಗಳು ಒಂದೇ ಚಿತ್ರವನ್ನು ಬೇರೆ ಬೇರೆ ಭಾಷೆಗಳಲ್ಲಿ ಮತ್ತೆ ಮತ್ತೆ ತೆಗೆದವು. 1931ರಲ್ಲಿ ತೆರೆಕಂಡ 'ಡ್ರಾಕುಲಾ' ಇದಕ್ಕೆ ಉದಾಹರಣೆ. ಯೂನಿವರ್ಸಲ್ ಕಂಪನಿಯವರು ಹಗಲಿನಲ್ಲಿ ಇಂಗ್ಲಿಷ್ ಚಿತ್ರವನ್ನು ತೆಗೆಯುವರು. ರಾತ್ರಿ ಅದೇ ರಂಗಸಜ್ಜಿನಲ್ಲಿ ಇನ್ನೊಂದು ತಂಡ ಸ್ಪ್ಯಾನಿಷ್ ಚಿತ್ರವನ್ನು ತೆಗೆಯುವುದು. ನಮ್ಮಲ್ಲಿ ಪಾಳಿ ಕೆಲಸ ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಆ ರಾತ್ರಿ ಪಾಳಿಯ ನಾಯಕಿ ಲುಪಿತಾ ತೋವಾರ್, 1910ರಲ್ಲಿ ಮೆಕ್ಸಿಕೋದಲ್ಲಿ ಹುಟ್ಟಿದವಳು. ನಿರ್ದೇಶಕ ಜಾರ್ಜ್ ಮೆಲ್ಫರ್ಡ್‌ಗೆ ಸ್ಪ್ಯಾನಿಷ್ ಬರುತ್ತಿರಲಿಲ್ಲ! ನಾಯಕಿ ಮೆಕ್ಸಿಕೋದವಳು, ಡ್ರಾಕುಲಾ ಆದವನು ಸ್ಪೇನಿನವನು, ನಾಯಕ ಅರ್ಜೆಂಟೀನಾದವನು. ಧಾರವಾಡ, ಮೈಸೂರು, ಮಂಗಳೂರು ಕನ್ನಡಗಳನ್ನು ಒಂದೇ ಮನೆಯ ಅಪ್ಪ, ಮಗಳು, ಅಳಿಯ ಆಡಿದರೆ ಹೇಗಿರುತ್ತದೆಂದು ಊಹಿಸಿಕೊಳ್ಳಿ. ಇಂಥ ಬೆರಕೆಯ ಬಗ್ಗೆ ಸ್ಪ್ಯಾನಿಷ್ ನಾಡುಗಳಲ್ಲಿ ಆಕ್ಷೇಪಗಳೂ ಎದ್ದವು. ಇತ್ತ ಹಗಲು ಪಾಳಿಯ ಡ್ರಾಕುಲಾ, ಹಂಗೇರಿಯ ಬೇಲಾ ಲುಗೋಸಿ. ಅವನ ಪರದೇಶಿ ಉಚ್ಚಾರಣೆಯೇ ಆ ಪಾತ್ರದ ಖ್ಯಾತಿಗೆ ಕಾರಣವಾಯಿತು. ಪಿಶಾಚಿಗೆ ಪರದೇಶಿ ಉಚ್ಚಾರಣೆ ಒಪ್ಪುತ್ತದೆ, ಮನೆಯ ಮಗಳಿಗೆ ಒಪ್ಪುವುದಿಲ್ಲ - ಇದು ಆ ಪೇಟೆಯ ಲೆಕ್ಕ.

ಡಬ್ಬಿಂಗ್ ಮತ್ತು ಅಡಿಬರಹಗಳು ರೂಢಿಗೆ ಬರುತ್ತಲೇ ಈ ಪಾಳಿ ನಿಂತುಹೋಯಿತು. ತೋವಾರ್ ಅಷ್ಟರಲ್ಲಿಯೇ ತಾಯ್ನಾಡಿಗೆ ಹೋಗಿ, ಮೆಕ್ಸಿಕೋದ ಮೊದಲ ವಾಕ್ಚಿತ್ರಗಳಲ್ಲಿ ಒಂದಾದ 'ಸಾಂತಾ'ದಲ್ಲಿ (1932) ನಾಯಕಿಯಾಗಿದ್ದಳು. ಹಾಲಿವುಡ್ಡಿನಲ್ಲಿ ರಾತ್ರಿ ಪಾಳಿಗೆ ಸಂದ ಭಾಷೆ ಊರಿನಲ್ಲಿ ಹಗಲಿನ ಭಾಷೆಯಾಯಿತು. ಆಕೆ 2016ರವರೆಗೆ, 106 ವರ್ಷ, ಬಾಳಿದಳು.

ಡೆಲ್ ರಿಯೋ ಮರಳಿದ್ದು ಇನ್ನೂ ತಡವಾಗಿ. ನಾಯಕಿಯರಿಗೆ ವಯಸ್ಸಾಯಿತೆಂದು ಪೇಟೆ ತೀರ್ಮಾನಿಸುವ ಹೊತ್ತಿಗೆ, ನಲವತ್ತರ ಹೊಸ್ತಿಲಲ್ಲಿ, ಆಕೆ ಮೆಕ್ಸಿಕೋಗೆ ಬಂದಳು. 1943ರಲ್ಲಿ ಎಮಿಲಿಯೋ ಫರ್ನಾಂಡಿಸ್‌ನ 'ಫ್ಲೋರ್ ಸಿಲ್ವೆಸ್ತ್ರೆ'ಯಲ್ಲಿ ನಟಿಸಿದಳು. ಅದೇ ವರ್ಷ ತಯಾರಾದ 'ಮರಿಯಾ ಕ್ಯಾಂಡೆಲೇರಿಯಾ'ದಲ್ಲಿ ಹೂ ಮಾರುವ ಬಡ ಆದಿವಾಸಿ ಹೆಣ್ಣಾದಳು. 1946ರ ಕಾನ್ ಚಿತ್ರೋತ್ಸವದಲ್ಲಿ ಪರಮೋಚ್ಚ ಪ್ರಶಸ್ತಿಯನ್ನು ಹಂಚಿಕೊಂಡ 11 ಚಿತ್ರಗಳಲ್ಲಿ ಇದೂ ಒಂದು. ಆ ಹನ್ನೊಂದರಲ್ಲಿಯೇ ನಮ್ಮ ಚೇತನ್ ಆನಂದರ 'ನೀಚಾ ನಗರ್' ಕೂಡ ಇತ್ತೆಂಬುದು ನಾವು ನೆನೆಯಬೇಕಾದ ಸಂಗತಿ. ಹದಿನೇಳು ವರ್ಷದ ಹಾಲಿವುಡ್ ತಂದುಕೊಡದ ಪಾತ್ರವನ್ನು ಆಕೆಗೆ ಕೊಟ್ಟದ್ದು ಊರು. ಆಕೆಯ ಸ್ಪ್ಯಾನಿಷ್ ತುಕ್ಕು ಹಿಡಿದಿದ್ದರೆ ಆ ಪಾತ್ರವನ್ನು ಆಡುವುದು ಸಾಧ್ಯವಿತ್ತೆ?

1954ರಲ್ಲಿ ಹಾಲಿವುಡ್ ಆಕೆಯನ್ನು ಮತ್ತೆ ಕರೆಯಿತು, 'ಬ್ರೋಕನ್ ಲಾನ್ಸ್' ಚಿತ್ರಕ್ಕೆ. ಆದರೆ ಕಮ್ಯುನಿಸ್ಟ್ ಒಲವುಳ್ಳವಳೆಂಬ ಶಂಕೆಯ ಮೇಲೆ ಅಮೆರಿಕ ಸರ್ಕಾರ ಒಳಬರಲು ಅನುಮತಿ ಕೊಡಲಿಲ್ಲ. ಪಾತ್ರ ಇನ್ನೊಬ್ಬ ಮೆಕ್ಸಿಕನ್ ನಟಿ ಕೇಟಿ ಹುರಾದೋಳ ಪಾಲಾಯಿತು. 1924ರಲ್ಲಿ ಹುಟ್ಟಿದ ಹುರಾದೋಗೆ ಮೊದಮೊದಲು ಇಂಗ್ಲಿಷ್ ಅಷ್ಟಾಗಿ ಬರುತ್ತಿರಲಿಲ್ಲ. 1951ರ ಮೊದಲ ಹಾಲಿವುಡ್ ಚಿತ್ರದಲ್ಲಿ ಮಾತುಗಳನ್ನು ಬರೀ ಧ್ವನಿಯಾಗಿ, ಮಂತ್ರದಂತೆ, ಬಾಯಿಪಾಠ ಮಾಡಿ ಒಪ್ಪಿಸಿದಳು. 1952ರ 'ಹೈ ನೂನ್'ನಲ್ಲಿ ಆಕೆ ಸ್ವಂತ ವ್ಯಾಪಾರ ನಡೆಸುವ ದಿಟ್ಟ ಹೆಂಗಸು. ನಾಯಕ ಗ್ಯಾರಿ ಕೂಪರ್‌ನೊಡನೆ ಅದರಲ್ಲಿ ಒಂದೆರಡು ಸ್ಪ್ಯಾನಿಷ್ ಮಾತುಗಳೂ ಉಂಟು. ಆ ಪಾತ್ರಕ್ಕೆ ಗೋಲ್ಡನ್ ಗ್ಲೋಬ್ ಬಂತು; 'ಬ್ರೋಕನ್ ಲಾನ್ಸ್'ಗೆ ಆಸ್ಕರ್ ನಾಮಕರಣವೂ ಆಯಿತು. ಆದರೆ ಅಲ್ಲಿ ಆಕೆ ಆಡಿದ್ದು ಅಮೆರಿಕದ ಆದಿವಾಸಿ ಹೆಂಡತಿಯ ಪಾತ್ರ. 1960ರಲ್ಲಿ ಡೆಲ್ ರಿಯೋ ಮತ್ತೆ ಹಾಲಿವುಡ್ ಚಿತ್ರದಲ್ಲಿ ಕಾಣಿಸಿಕೊಂಡಾಗ ಆಕೆಗೂ ಸಿಕ್ಕಿದ್ದು ಆದಿವಾಸಿ ತಾಯಿಯ ಪಾತ್ರವೇ.

ಕೊನೆಯವಳು ರಿಟಾ ಮೊರೆನೋ. 1931ರಲ್ಲಿ ಪೋರ್ಟೊ ರಿಕೋದಲ್ಲಿ ಹುಟ್ಟಿ, ಐದನೆಯ ವಯಸ್ಸಿನಲ್ಲಿ ತಾಯಿಯೊಡನೆ ನ್ಯೂಯಾರ್ಕಿಗೆ ಬಂದವಳು. ಪೋರ್ಟೊ ರಿಕೋ 1898ರಿಂದ ಅಮೆರಿಕದ ಆಡಳಿತದಲ್ಲಿದ್ದದ್ದರಿಂದ ಕಾಗದದ ಮೇಲೆ ಅದು ಪರದೇಶ ಪ್ರಯಾಣವಲ್ಲ, ಬಾಳಿನಲ್ಲಿ ಹೌದು. ಅಲ್ಲೇ ಬೆಳೆದದ್ದರಿಂದ ಆಕೆಯ ಇಂಗ್ಲಿಷ್ ಅಲ್ಲಿಯವರದೇ. ಆದರೂ ಪಾತ್ರ ಬೇಕಾದರೆ ಇಲ್ಲದ ಉಚ್ಚಾರಣೆಯನ್ನು ತರಿಸಿಕೊಳ್ಳಬೇಕಾಗಿತ್ತು! 'ವೆಸ್ಟ್ ಸೈಡ್ ಸ್ಟೋರಿ'ಯಲ್ಲಿ (1961) ಪೋರ್ಟೊ ರಿಕೋದ ಎಲ್ಲ ಪಾತ್ರಗಳಿಗೂ ಒಂದೇ ಕಂದು ಬಣ್ಣ ಬಳಿದರೆಂದು ಆಕೆಯೇ ಹೇಳಿದ್ದಾಳೆ. ಆ ಚಿತ್ರದ ಅನಿಟಾ ಪಾತ್ರಕ್ಕೆ 1962ರಲ್ಲಿ ಆಸ್ಕರ್ ಬಂತು. ಅನಂತರವೂ ಅದೇ ಅಚ್ಚಿನ ಪಾತ್ರಗಳೇ ಬಂದಾಗ ಆಕೆ ಕೆಲವು ವರ್ಷ ಚಿತ್ರಗಳಿಂದ ದೂರ ಉಳಿದಳು. 2021ರಲ್ಲಿ ಅದೇ ಕಥೆ ಮತ್ತೆ ಚಿತ್ರವಾದಾಗ ಮೊರೆನೋ ಅದರಲ್ಲಿಯೂ ನಟಿಸಿದಳು. ಅದರಲ್ಲಿನ ಸ್ಪ್ಯಾನಿಷ್ ಮಾತುಗಳಿಗೆ ಇಂಗ್ಲಿಷ್ ಅಡಿಬರಹ ಹಾಕಲಿಲ್ಲ. ನುಡಿಗೆ ಇಷ್ಟು ಮರ್ಯಾದೆ ಸಿಗಲು, ಮೊದಲ ಚಿತ್ರದಿಂದ ಎಣಿಸಿದರೂ, 60 ವರ್ಷ ಹಿಡಿಯಿತು.

ಈ ನಾಲ್ವರ ಬಾಳಿನಿಂದ ನಮಗೆ ತೋರುವುದಿಷ್ಟು. ಉಚ್ಚಾರಣೆ ತನ್ನಷ್ಟಕ್ಕೆ ಐಬೂ ಅಲ್ಲ, ಅಲಂಕಾರವೂ ಅಲ್ಲ. ಅದಕ್ಕೆ ಬೆಲೆ ಕಟ್ಟುವವರು ಪೇಟೆಯವರು. ಇದ್ದವರಿಗೆ ಬೇಡವೆಂದರು, ಇಲ್ಲದವಳಿಗೆ ಬೇಕೆಂದರು. ಹೀಗಿರುವಾಗ, ಬಾಗಿಲ ಮುಂದೆ ಆಡುವ ಮಕ್ಕಳು ಕನ್ನಡ ಬೆರೆತ ಹಿಂದಿಯನ್ನೋ ತಮಿಳನ್ನೋ ಆಡಿ ನಗೆಗೀಡಾದರೆ ಅದನ್ನು ತಿದ್ದುವ ಭರದಲ್ಲಿ ಮನೆಯ ಕನ್ನಡವನ್ನೇ ನಿಲ್ಲಿಸುವುದು ಯಾವ ಲೆಕ್ಕ? ಪರಸ್ಥಳದ ಮಾತನ್ನು ಚೆನ್ನಾಗಿ ಕಲಿಯೋಣ, ಅದು ಅನ್ನ ಕೊಟ್ಟ ನೆಲಕ್ಕೆ ಸಲ್ಲಬೇಕಾದ ಮರ್ಯಾದೆ. ಮನೆಯ ಮಾತನ್ನೂ ದಿನನಿತ್ಯ ದುಡಿಸುತ್ತಿರೋಣ. ಡೆಲ್ ರಿಯೋಗೆ ಮರಳುವ ದಾರಿ ತೆರೆದೇ ಇತ್ತು. ಆ ದಾರಿಯಲ್ಲಿ ನಡೆಯಲು ಬೇಕಾದ ಭಾಷೆ ಆಕೆಯ ಬಳಿ ಉಳಿದಿತ್ತು.