ಬೆನ್ನಿನ ಸ್ನಾಯು ಮರೆತುಹೋದ ಕಾಲ

1906ರಲ್ಲಿ ಇಟಲಿಯ ಪಾವಿಯಾದ ಶಸ್ತ್ರವೈದ್ಯ ಇಜಿನಿಯೊ ತಾನ್ಸಿನಿ ಒಂದು ಹೊಸ ವಿಧಾನವನ್ನು ಪ್ರಕಟಿಸಿದರು. ಕ್ಯಾನ್ಸರ್ ಇರುವ ಸ್ತನವನ್ನು ತೆಗೆದ ಮೇಲೆ ಎದೆಯಲ್ಲಿ ಉಳಿಯುವ ದೊಡ್ಡ ಗಾಯವನ್ನು ಮುಚ್ಚುವುದು ಹೇಗೆ ಎಂಬುದು ಅವರ ಮುಂದಿದ್ದ ಪ್ರಶ್ನೆ. ಬೆನ್ನಿನ ಅಗಲವಾದ ಸ್ನಾಯುವನ್ನು ಚರ್ಮದ ಸಮೇತ ಬಿಡಿಸಿ, ರಕ್ತನಾಳ ಕಡಿಯದಂತೆ ಕಂಕುಳಿನ ಕಡೆಯಿಂದ ಮುಂದಕ್ಕೆ ತಿರುಗಿಸಿ ಹೊಲಿದರು. ಸ್ನಾಯುವಿನಿಂದ ರಕ್ತ ಸಿಗುವುದರಿಂದ ಆ ಚರ್ಮ ಬದುಕುತ್ತಿತ್ತು.

ಯುರೋಪಿನಲ್ಲಿ ಕೆಲವು ವರ್ಷ ಬಳಕೆಯಲ್ಲಿದ್ದ ಈ ವಿಧಾನ ಆಮೇಲೆ ಮರೆತೇಹೋಯಿತು. ಅದಕ್ಕೆ ದೊಡ್ಡ ಕಾರಣ ಅಮೆರಿಕದ ಬಾಲ್ಟಿಮೋರಿನಿಂದ ಹರಡಿದ ಒಂದು ನಂಬಿಕೆ. ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ವಿಲಿಯಂ ಹಾಲ್‌ಸ್ಟೆಡ್ ಅವರ ಪ್ರಕಾರ ಕ್ಯಾನ್ಸರ್ ಸ್ತನದಿಂದ ಹಂತಹಂತವಾಗಿ ಸುತ್ತಲಿಗೆ ಹಬ್ಬುತ್ತದೆ. ಹಾಗಾಗಿ ಸ್ತನದೊಂದಿಗೆ ಎದೆಯ ಸ್ನಾಯುಗಳನ್ನೂ ಕಂಕುಳಿನ ಗ್ರಂಥಿಗಳನ್ನೂ ತೆಗೆಯಬೇಕು. ಆ ಜಾಗವನ್ನು ದಪ್ಪ ಅಂಗಾಂಶದಿಂದ ಮುಚ್ಚುವುದನ್ನು ಅವರು ವಿರೋಧಿಸಿದರು. ರೋಗ ಮರುಕಳಿಸಿದರೆ ಅದು ಮರೆಯಾಗಿಬಿಡಬಹುದು ಎಂಬ ಅಂಜಿಕೆ ಆ ಕಾಲದ ವೈದ್ಯರದು. ಹೀಗೆ ದಶಕಗಳ ಕಾಲ ಸಾವಿರಾರು ಹೆಂಗಸರು ಪಕ್ಕೆಲುಬಿಗೆ ಅಂಟಿದ ತೆಳು ಚರ್ಮ, ಊದಿಕೊಂಡ ತೋಳಿನೊಂದಿಗೆ ಬದುಕಿದರು. ಅವರ ಅಭಿಪ್ರಾಯವನ್ನು ಕೇಳುವ ರೂಢಿ ಇರಲಿಲ್ಲ.

ನಂಬಿಕೆ ಸಡಿಲವಾದದ್ದು 1970ರ ದಶಕದಲ್ಲಿ. ಸ್ನಾಯುಗಳನ್ನು ಕತ್ತರಿಸಿದರೆ ಆಯುಸ್ಸೇನೂ ಹೆಚ್ಚುವುದಿಲ್ಲ ಎಂದು ಬರ್ನಾರ್ಡ್ ಫಿಶರ್ ನೇತೃತ್ವದ ಪ್ರಯೋಗಗಳು ತೋರಿಸಿದವು. ಅದೇ ದಶಕದಲ್ಲಿ ತಾನ್ಸಿನಿಯ ಬೆನ್ನಿನ ಸ್ನಾಯುವನ್ನು ವೈದ್ಯರು ಹೊಸದಾಗಿ 'ಕಂಡುಹಿಡಿದರು'. 1962ರಲ್ಲಿ ಹ್ಯೂಸ್ಟನ್‌ನಲ್ಲಿ ಸ್ತನದ ಗಾತ್ರ ಹೆಚ್ಚಿಸಲೆಂದು ಮೊದಲು ಬಳಸಿದ ಸಿಲಿಕೋನ್ ಇಂಪ್ಲಾಂಟ್ ಕ್ಯಾನ್ಸರ್ ರೋಗಿಗಳಿಗೂ ಬಂತು. 1982ರಲ್ಲಿ ಕಾರ್ಲ್ ಹಾರ್ಟ್‌ರಾಂಪ್ಫ್ ಹೊಟ್ಟೆಯ ಕೆಳಭಾಗದ ಕೊಬ್ಬು, ಚರ್ಮ, ಸ್ನಾಯುಗಳಿಂದ ಸ್ತನ ಕಟ್ಟುವುದನ್ನು ವಿವರಿಸಿದರು. ಆಮೇಲೆ ಹೊಟ್ಟೆಯ ಸ್ನಾಯುವನ್ನು ಉಳಿಸಿ, ಸಣ್ಣ ರಕ್ತನಾಳಗಳನ್ನು ಸೂಕ್ಷ್ಮದರ್ಶಕದಡಿ ಜೋಡಿಸುವ ವಿಧಾನವೂ ಬಂತು. 1998ರ ಅಮೆರಿಕದ ಕಾನೂನಿನಂತೆ, ಸ್ತನ ತೆಗೆಯುವ ಖರ್ಚು ಕೊಡುವ ವಿಮೆ ಮರುನಿರ್ಮಾಣದ ಖರ್ಚನ್ನೂ ಕೊಡಬೇಕಾಯಿತು.

ಆದರೆ ಆಯ್ಕೆ ಸುಲಭವಾಗಿ ನಿರೀಕ್ಷೆಯಾಗಿ ಬದಲಾಗುತ್ತದೆ. ಕವಿ ಆಡ್ರೆ ಲಾರ್ಡ್ 1978ರಲ್ಲಿ ಒಂದು ಸ್ತನ ಕಳೆದುಕೊಂಡರು. ಕೃತಕ ಸ್ತನ ಧರಿಸದೆ ವೈದ್ಯರ ಬಳಿಗೆ ಹೋದಾಗ, ಹೀಗೆ ಬಂದರೆ ಇತರ ರೋಗಿಗಳ ಮನೋಬಲ ಕುಗ್ಗುತ್ತದೆ ಎಂದು ಅಲ್ಲಿನ ನರ್ಸ್ ಆಕ್ಷೇಪಿಸಿದರು. ಲಾರ್ಡ್ ಆ ಪ್ರಸಂಗವನ್ನು 1980ರ ತಮ್ಮ 'ದಿ ಕ್ಯಾನ್ಸರ್ ಜರ್ನಲ್ಸ್' ಪುಸ್ತಕದಲ್ಲಿ ದಾಖಲಿಸಿದರು. ಅಂದು ಗಾಯವನ್ನು ದಪ್ಪ ಅಂಗಾಂಶದಿಂದ ಮುಚ್ಚಬಾರದೆಂದು ಹಾಲ್‌ಸ್ಟೆಡ್ ತೀರ್ಮಾನಿಸಿದ್ದರು. ಈಗ ಮುಚ್ಚಲೇಬೇಕೆಂದು ಇನ್ನೊಬ್ಬರು ಹೇಳುತ್ತಿದ್ದರು. ಲಾರ್ಡ್ ಮಾತ್ರ ಕೃತಕ ಸ್ತನವನ್ನು ನಿರಾಕರಿಸಿದರು. ಇಂದು ಇಂಪ್ಲಾಂಟ್, ಸ್ವಂತ ಅಂಗಾಂಶಗಳ ಜೊತೆಗೆ ಎದೆಯನ್ನು ಸಪಾಟಾಗಿ ಹೊಲಿಸಿಕೊಂಡು ಹಾಗೆಯೇ ಇರುವುದನ್ನೂ ವೈದ್ಯರು ಒಂದು ಆಯ್ಕೆಯೆಂದೇ ಎಣಿಸುತ್ತಾರೆ.